ಗಿಟಾರಿಗೆ ತಂಬೂರಿಯ ಶ್ರುತಿ: ಪೇಟಿಯ ಪಕ್ಕ ಕೂರುವವರಿಗೆ ಒಂದು ಮಾರ್ಗದರ್ಶಿ

ಶ್ರಾವಣದ ಭಜನೆಯಲ್ಲಿ ಪೇಟಿ (ಹಾರ್ಮೋನಿಯಂ), ತಬಲಾ, ತಾಳದ ನಡುವೆ ಗಿಟಾರ್ ಹಿಡಿದು ಕೂತರೆ ಒಂದು ತೊಡಕು ಬೇಗ ಎದುರಾಗುತ್ತದೆ. ಹಾಡು ಮೊದಲಿಂದ ಕೊನೆಯವರೆಗೆ ಒಂದೇ ಷಡ್ಜದ (ಸ) ಮೇಲೆ ನಿಂತಿರುತ್ತದೆ. ಗಿಟಾರ್ ಮಾತ್ರ ಕಾರ್ಡ್ ಬದಲಿಸುತ್ತ ಊರೆಲ್ಲ ಸುತ್ತುತ್ತದೆ. ಇ-ಎ-ಡಿ-ಜಿ-ಬಿ-ಇ ಎಂಬ ರೂಢಿಯ ಶ್ರುತಿ ಕಾರ್ಡು, ಸ್ಕೇಲುಗಳ ಅನುಕೂಲಕ್ಕೆ ಬಂದದ್ದು. ಬೆರಳಿಡದೆ ಆರೂ ತಂತಿ ಮೀಟಿ ನೋಡಿ, ಅದರಲ್ಲಿ ಯಾವ 'ಸ'ವೂ ನಿಲ್ಲುವುದಿಲ್ಲ. ತತ್ವಪದದವರ ಏಕತಾರಿಗೆ, ಗೀಗೀ ಮೇಳದ ತುಂತುಣಿಗೆ ಈ ಕಷ್ಟವಿಲ್ಲ: ಇರುವುದೊಂದೇ ತಂತಿ, ಅದು ಸ.

ಆದ್ದರಿಂದ ಬಿರಡೆ ತಿರುಗಿಸುವ ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: ಹಾಡುವವರ ಸ ಎಲ್ಲಿದೆ? ಯಾವ ತಂತಿ ಎಲ್ಲಿಗೆ ಹೋಗಬೇಕು ಎಂಬುದು ಅದರಿಂದಲೇ ತಾನಾಗಿ ತಿಳಿಯುತ್ತದೆ. 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಡೇವಿ ಗ್ರಹಾಂ ಡಿ-ಎ-ಡಿ-ಜಿ-ಎ-ಡಿ ಶ್ರುತಿಯನ್ನು ಹೆಸರಿಗೆ ತಂದದ್ದೂ ಹೀಗೆಯೇ. ಮೊರಾಕ್ಕೋದಲ್ಲಿ ಊದ್ (ಅರಬ್ಬರ ತಂತಿವಾದ್ಯ) ನುಡಿಸುವವರ ಜೊತೆ ತನ್ನ ಗಿಟಾರ್ ಹೊಂದಬೇಕಿತ್ತು, ಅಷ್ಟೇ.

ಪೇಟಿಯ ಕರಿ-ಬಿಳಿ, ಗಿಟಾರಿನ ಅಕ್ಷರ

ಪೇಟಿ ಮಾಸ್ತರರು ಸಿ, ಡಿ ಎನ್ನುವುದಿಲ್ಲ. ಕರಿ ಒಂದು, ಬಿಳಿ ಎರಡು ಎನ್ನುತ್ತಾರೆ. ಬೆಳಗಾವಿ ಕಡೆ ಕಾಳಿ, ಪಾಂಢರಿ ಎಂದೂ ಕಿವಿಗೆ ಬೀಳುತ್ತದೆ. ಲೆಕ್ಕ ಹೀಗೆ:

ಬಿಳಿ ಒಂದು – ಸಿ. ಕರಿ ಒಂದು – ಸಿ ಶಾರ್ಪ್. ಬಿಳಿ ಎರಡು – ಡಿ. ಕರಿ ಎರಡು – ಡಿ ಶಾರ್ಪ್. ಬಿಳಿ ಮೂರು – ಇ. ಬಿಳಿ ನಾಲ್ಕು – ಎಫ್. ಕರಿ ಮೂರು – ಎಫ್ ಶಾರ್ಪ್. ಬಿಳಿ ಐದು – ಜಿ. ಕರಿ ನಾಲ್ಕು – ಜಿ ಶಾರ್ಪ್. ಬಿಳಿ ಆರು – ಎ. ಕರಿ ಐದು – ಎ ಶಾರ್ಪ್. ಬಿಳಿ ಏಳು – ಬಿ.

ಗಂಡಸರ ದನಿ ಸಾಮಾನ್ಯವಾಗಿ ಬಿಳಿ ಒಂದರಿಂದ ಕರಿ ಎರಡರ ಆಸುಪಾಸು, ಹೆಣ್ಣುಮಕ್ಕಳದ್ದು ಬಿಳಿ ಐದರಿಂದ ಕರಿ ಐದರೊಳಗೆ. ಈ ಎರಡು ಗುಂಪಿಗೆ ಎರಡು ಶ್ರುತಿ ಗೊತ್ತಿದ್ದರೆ ಹೆಚ್ಚಿನ ಕೆಲಸ ಮುಗಿಯುತ್ತದೆ. ಉಳಿದದ್ದನ್ನು ಕ್ಯಾಪೊ (ನೆಕ್ಕಿಗೆ ಕಚ್ಚಿಸಿ ಎಲ್ಲ ತಂತಿಯ ಸ್ವರ ಏರಿಸುವ ಕ್ಲಿಪ್) ನೋಡಿಕೊಳ್ಳುತ್ತದೆ.

ಟ್ಯೂನರಿನ ಮಾತು ಕೇಳಿ ಬಹಳಷ್ಟು ಜನ ಕೆಡುವುದು ಒಂದು ಕಡೆ. ಹಳೆಯ ಪೇಟಿಗಳ ಬಿಳಿ ಆರು (ಎ) ಟ್ಯೂನರಿನ 440 ಹರ್ಟ್ಸ್‌ಗೇ ಇರಬೇಕೆಂದಿಲ್ಲ, ಕೂತಲ್ಲೇ ಪೇಟಿಯ ಶ್ರುತಿ ಬದಲಿಸಲೂ ಆಗದು. "ಮಾಸ್ತರ್ರ, ಬಿಳಿ ಆರು ಒಮ್ಮೆ ಒತ್ತಿ ಹಿಡೀರಿ" ಎಂದು ಕೇಳಿ. ಫೋನಿನ ಟ್ಯೂನರ್ ಆ್ಯಪ್ ಅದನ್ನು 12 ಸೆಂಟ್ (ಅರ್ಧ ಸ್ವರದ ನೂರನೇ ಪಾಲು ಒಂದು ಸೆಂಟ್) ಮೇಲೆ ತೋರಿಸಿದರೆ ಆಧಾರ ಸಂಖ್ಯೆಯನ್ನು 440ರಿಂದ 443ಕ್ಕೆ ಏರಿಸಿ, ಆಮೇಲೆ ಗಿಟಾರ್ ಮುಟ್ಟಿ. ಪೇಟಿ ಗಿಟಾರಿಗೆ ಬಗ್ಗುವುದಿಲ್ಲ, ಗಿಟಾರೇ ಬಗ್ಗಬೇಕು.

ಬೇಕಾದ ಸಾಮಾನು

ತಂತಿಯ ಒಂದು ಸೆಟ್, ಕ್ಲಿಪ್ ಟ್ಯೂನರ್ (ಕ್ರೋಮ್ಯಾಟಿಕ್ ಮೋಡಿನಲ್ಲಿ, 'ಗಿಟಾರ್' ಮೋಡ್ ಇ-ಎ-ಡಿ-ಜಿ-ಬಿ-ಇ ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ), ಕ್ಯಾಪೊ, ತಂತಿ ಸುತ್ತುವ ವೈಂಡರ್, 2ಬಿ ಅಥವಾ ಅದಕ್ಕಿಂತ ಮೆದು ಪೆನ್ಸಿಲ್, ನಿಮ್ಮ ಗಿಟಾರಿನ ಟ್ರಸ್ ರಾಡಿಗೆ (ನೆಕ್ಕಿನ ಬಾಗು ಸರಿಪಡಿಸುವ ಒಳಸಲಾಕೆ) ಕೂರುವ ಅಲೆನ್ ಕೀ.

ಸೆಟ್ ಆರಿಸುವಾಗ ಸ್ವಲ್ಪ ಯೋಚಿಸಿ. ಅಂಗಡಿಯಲ್ಲಿ ಮೊದಲು ಕೈಗೆ ಕೊಡುವುದು ಲೈಟ್ ಸೆಟ್, ಅಂದರೆ 12-53 (0.012 ಇಂಚಿನಿಂದ 0.053 ಇಂಚು). ರೂಢಿಯ ಶ್ರುತಿಯಲ್ಲಿ ಅದರ ಒಟ್ಟು ಎಳೆತ ಸುಮಾರು 74 ಕೆಜಿ. ತಂತಿಯ ಬಿಗಿ ಸ್ವರದ ಕಂಪನಸಂಖ್ಯೆಯ (ಹರ್ಟ್ಸ್) ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ: ಅರ್ಧ ಸ್ವರ ಏರಿಸಿದರೆ ಶೇ. 12 ಹೆಚ್ಚು, ಒಂದು ಪೂರ್ಣ ಸ್ವರ ಏರಿಸಿದರೆ ಶೇ. 26 ಹೆಚ್ಚು, ಒಂದು ಪೂರ್ಣ ಸ್ವರ ಇಳಿಸಿದರೆ ಶೇ. 21 ಕಡಿಮೆ, ಎರಡು ಇಳಿಸಿದರೆ ಶೇ. 37 ಕಡಿಮೆ. ಮುಂದೆ ಹೇಳುವ ಶ್ರುತಿಗಳು ಹೆಚ್ಚಾಗಿ ಇಳಿಕೆಯವು. ಲೈಟ್ ಸೆಟ್ಟಿನಲ್ಲೇ ಅವನ್ನು ಮಾಡಿದರೆ 12-13 ಕೆಜಿ ಬಿಗಿ ಹೋಗಿ ತಂತಿಗಳು ಫ್ರೆಟ್ಟಿಗೆ ಬಡಿದು ಕಿರಿಕಿರಿ ಮಾಡುತ್ತವೆ. ಮೀಡಿಯಂ ಸೆಟ್ ತನ್ನಿ: 13-17-26-35-45-56. ಕೆಳಗಿನ ಶ್ರುತಿಗಳಲ್ಲಿ ಅದರ ಒಟ್ಟು ಎಳೆತ 70-72 ಕೆಜಿಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ಲೈಟ್ ಸೆಟ್ಟಿಗೆ ಹೊಂದಿಕೊಂಡ ಗಿಟಾರಿಗೆ ಹೊಸ ಭಾರವೇನೂ ಬಿದ್ದಂತಾಗುವುದಿಲ್ಲ.

ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗೆ ಈ ಸ್ಟೀಲ್ ಸೆಟ್ ಹಾಕಬೇಡಿ. ಬ್ರಿಜ್ ಕಿತ್ತು ಬರುತ್ತದೆ. ತೇಲುವ ಟ್ರೆಮೊಲೊ (ಸ್ಪ್ರಿಂಗಿನ ಮೇಲೆ ಆಡುವ ಬ್ರಿಜ್) ಇರುವ ಎಲೆಕ್ಟ್ರಿಕ್ ಗಿಟಾರ್ ಕೂಡ ಈ ಆಟಕ್ಕಲ್ಲ. ಒಂದು ತಂತಿ ಇಳಿಸಿದರೆ ಉಳಿದ ಐದೂ ಏರಿ ಕೂರುತ್ತವೆ, ಸಂಜೆ ಅಲ್ಲೇ ಮುಗಿಯುತ್ತದೆ. ಚಿಕ್ಕ ಗಿಟಾರಾದರೆ ನಟ್‌ನಿಂದ (ನೆಕ್ಕಿನ ತುದಿಯಲ್ಲಿ ತಂತಿ ಹಾಯುವ ಪಟ್ಟಿ) 12ನೇ ಫ್ರೆಟ್‌ವರೆಗೆ ಅಳೆದು ಎರಡು ಪಟ್ಟು ಮಾಡಿ. ಮೇಲಿನ ಲೆಕ್ಕವೆಲ್ಲ 25.5 ಇಂಚು, ಅಂದರೆ ಸುಮಾರು 65 ಸೆಂ.ಮೀ. ಸ್ಕೇಲಿನದು. ನಿಮ್ಮದು ಅದಕ್ಕಿಂತ ಗಿಡ್ಡವಿದ್ದರೆ ತಂತಿ ಇನ್ನೂ ಸಡಿಲಾಗುತ್ತದೆ.

ಮೊದಲ ಶ್ರುತಿ: ಡಿ-ಎ-ಡಿ-ಡಿ-ಎ-ಡಿ (ಬಿಳಿ ಎರಡು)

ದಪ್ಪ ಆರನೇ ತಂತಿಯಿಂದ ತೆಳು ಒಂದನೆಯದರತ್ತ ಓದಿದರೆ: ಸ-ಪ-ಸ-ಸ-ಪ-ಸ. ಡೇವಿ ಗ್ರಹಾಂ ಶ್ರುತಿಗೂ ಇದಕ್ಕೂ ವ್ಯತ್ಯಾಸ ಮೂರನೇ ತಂತಿ ಒಂದರದ್ದೇ: ಅಲ್ಲಿ ಅದು ಜಿ, ಅಂದರೆ ಮಧ್ಯಮ. ಇಲ್ಲಿ ಅದು ನಾಲ್ಕನೆಯದರ ಅವಳಿಯಾಗಿ ಸ ಆಗುತ್ತದೆ.

ಈಗ ಐದು, ನಾಲ್ಕು, ಮೂರು, ಆರು, ಈ ಕ್ರಮದಲ್ಲಿ ಒಂದೊಂದೇ ತಂತಿ ಮೀಟಿ. ಪ, ಸ, ಸ, ಕೆಳಗಿನ ಸ. ತಂಬೂರಿಯ ನಾಲ್ಕು ತಂತಿ ಇದೇ ಕ್ರಮ, ಇದೇ ಅಂತರ. ಮೇಲಿನ ಎರಡು ತಂತಿ ರಾಗಕ್ಕೆ ಖಾಲಿ ಉಳಿದವು.

ಶ್ರುತಿ ಮಾಡುವ ಹೆಜ್ಜೆಗಳು, ರೂಢಿಯ ಶ್ರುತಿಯಿಂದ ಹೊರಟು:

1. ಪ್ರತಿ ತಂತಿಯನ್ನೂ ನಟ್‌ನಿಂದ ಎತ್ತಿ ಗಾಡಿಯಲ್ಲಿ (ತಂತಿ ಕೂರುವ ಸೀಳು) ಪೆನ್ಸಿಲ್ ಮೊನೆ ನಾಲ್ಕೈದು ಸಲ ಎಳೆಯಿರಿ. ಗ್ರಾಫೈಟ್ ಜಾರುತನ ಕೊಡುತ್ತದೆ. ಬಿರಡೆ ತಿರುಗಿಸುವಾಗ 'ಟಿಣ್' ಎಂದು ಶಬ್ದ ಬಂದು ಸ್ವರ ಒಮ್ಮೆಲೇ ಹಾರಿದರೆ ತಂತಿ ಅಲ್ಲಿ ಸಿಕ್ಕಿಕೊಂಡಿದೆ ಎಂದರ್ಥ.

2. ಆರನೇ ತಂತಿ ಇ ಇಂದ ಡಿಗೆ. ಅದರ 12ನೇ ಫ್ರೆಟ್ಟಿನ ಮೇಲೆ ಬೆರಳನ್ನು ಒತ್ತದೆ ತಾಕಿಸಿ ಮೀಟಿದರೆ ಗಂಟೆಯಂಥ ನಾದ ಬರುತ್ತದಲ್ಲ, ಅದು ತೆರೆದ ನಾಲ್ಕನೇ ತಂತಿಗೆ ಸರಿಹೊಂದಬೇಕು.

3. ಎರಡನೇ ತಂತಿ ಬಿ ಇಂದ ಎಗೆ. ಐದನೇ ತಂತಿಯ 12ನೇ ಫ್ರೆಟ್ಟಿನ ಗಂಟೆನಾದಕ್ಕೆ ಹೊಂದಿಸಿ.

4. ಒಂದನೇ ತಂತಿ ಇ ಇಂದ ಡಿಗೆ. ನಾಲ್ಕನೆಯದರ ಗಂಟೆನಾದಕ್ಕೆ ಹೊಂದಿಸಿ.

5. ಕೊನೆಗೆ ಮೂರನೆಯದು, ಜಿ ಇಂದ ಡಿಗೆ. ಐದು ಮನೆ (ಐದು ಅರ್ಧ ಸ್ವರ) ಇಳಿಯಬೇಕು, ಬಿಗಿ ಬಹುತೇಕ ಅರ್ಧವಾಗುತ್ತದೆ. ಬೇಕಾದ ಸ್ವರಕ್ಕಿಂತ ಇನ್ನೂ ಕೆಳಗಿಳಿಸಿ ಮೆಲ್ಲಗೆ ಮೇಲೆ ಬನ್ನಿ. ಎಲ್ಲ ತಂತಿಗೂ ಇದೇ ನೇಮ: ಕೆಳಗಿನಿಂದ ಹತ್ತಿ ನಿಲ್ಲಬೇಕು. ಮೇಲಿನಿಂದ ಇಳಿದು ನಿಂತರೆ ಬಿರಡೆಯ ಹಲ್ಲಿನಲ್ಲಿ ಸಡಿಲು ಉಳಿದು ಎರಡು ಪದದಲ್ಲೇ ಶ್ರುತಿ ಜಾರುತ್ತದೆ.

6. ಮತ್ತೆ ಆರರಿಂದ ಶುರು. ಬಿಗಿ ಕಡಿಮೆಯಾದಂತೆ ನೆಕ್ ಹಿಂದಕ್ಕೆ ಸರಿದು ಮೊದಲು ಹೊಂದಿಸಿದ ತಂತಿಗಳು ಕೆಲವು ಸೆಂಟ್ ಏರಿರುತ್ತವೆ. ಎರಡು ಸುತ್ತು ಖಂಡಿತ, ಹೊಸ ತಂತಿಯಾದರೆ ನಾಲ್ಕು.

ಜೋಡು ತಂತಿಗಳನ್ನು (ನಾಲ್ಕು ಮತ್ತು ಮೂರು) ಕೊನೆಯಲ್ಲಿ ಕಿವಿಯಿಂದಲೇ ಮುಗಿಸಿ. ಎರಡನ್ನೂ ಒಟ್ಟಿಗೆ ಮೀಟಿದರೆ ನಾದ 'ವ್ಹಾಂವ್… ವ್ಹಾಂವ್' ಎಂದು ಅಲೆಯಾಡುತ್ತದೆ. ಈ ಡಿ ಸುಮಾರು 147 ಹರ್ಟ್ಸ್. ಎರಡರ ನಡುವೆ 5 ಸೆಂಟ್ ಅಂತರವಿದ್ದರೆ ಎರಡೂಕಾಲು-ಎರಡೂವರೆ ಸೆಕೆಂಡಿಗೊಂದು ಅಲೆ. ಅಗ್ಗದ ಟ್ಯೂನರಿಗೆ ಇದು ಕಾಣುವುದೇ ಇಲ್ಲ, ನಿಮ್ಮ ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ. ಅಲೆ ನಿಧಾನವಾಗುತ್ತ ಹೋಗಿ ನಿಂತ ಜಾಗವೇ ಸರಿ.

ಸ ಕರಿ ಎರಡಿದ್ದರೆ ಕ್ಯಾಪೊ ಒಂದನೇ ಫ್ರೆಟ್ಟಿಗೆ. ಕರಿ ಒಂದು ಎಂದರೆ ಆರೂ ತಂತಿ ಅರ್ಧ ಸ್ವರ ಇನ್ನೂ ಇಳಿಯಬೇಕು. 26ರ ಮೂರನೇ ತಂತಿ ಅಲ್ಲಿಗೆ ತೀರಾ ಬಳುಕುತ್ತದೆ. 28ರದ್ದು ಬಿಡಿಯಾಗಿ ಸಿಕ್ಕರೆ ಹಾಕಬಹುದು, ಆದರೆ ಲೈಟ್ ಸೆಟ್ಟಿನ 24ರ ತಂತಿಗೆಂದು ಕೊರೆದ ಗಾಡಿಯಲ್ಲಿ ಅದು ಕೂರದೆ ಮೇಲೇ ನಿಲ್ಲುತ್ತದೆ. ಗಾಡಿ ಅಗಲಿಸುವುದು ಕೈ ಕುದುರಿದವರ ಕೆಲಸ, ಒಮ್ಮೆ ಕೊರೆದದ್ದು ತಿರುಗಿ ಬರುವುದಿಲ್ಲ.

ಎರಡನೇ ಶ್ರುತಿ: ಡಿ-ಜಿ-ಡಿ-ಜಿ-ಜಿ-ಡಿ (ಬಿಳಿ ಐದು)

ಪ-ಸ-ಪ-ಸ-ಸ-ಪ. ಹೆಣ್ಣುದನಿಗೆ ಇದು. ಆರು ಡಿಗೆ, ಐದು ಎ ಇಂದ ಜಿಗೆ, ನಾಲ್ಕು ಮತ್ತು ಮೂರು ಇದ್ದಲ್ಲೇ, ಎರಡು ಬಿ ಇಂದ ಜಿಗೆ, ಒಂದು ಡಿಗೆ. ತಂಬೂರಿ ಕ್ರಮ ಇಲ್ಲಿ ಒಂದು ತಂತಿ ಸರಿದು ನಾಲ್ಕು, ಮೂರು, ಎರಡು, ಐದು. ಎರಡನೆಯದು ನಾಲ್ಕು ಮನೆ ಇಳಿಯುತ್ತದೆಂದು ಹೆದರಬೇಡಿ. ಎಲೆಕ್ಟ್ರಿಕ್ ಗಿಟಾರಿನ ಮಾಮೂಲು 10-46 ಸೆಟ್ಟಿನಲ್ಲಿ ಜಿ ಸ್ವರಕ್ಕೆ ಇರುವುದೂ ಇದೇ 17ರ ತಂತಿ. ಜೋಡಿಯಲ್ಲಿ ಒಂದು ಸುತ್ತಿದ ತಂತಿ, ಇನ್ನೊಂದು ಬರಿಯ ಸ್ಟೀಲ್. ಸ್ವರ ಒಂದೇ, ಬಣ್ಣ ಬೇರೆ. ನಮ್ಮ ಮಟ್ಟಿಗೆ ಡಿ ಶ್ರುತಿಗಿಂತ ಇದರ ನಾದವೇ ಚೆಂದ. ಕ್ಯಾಪೊ 1ರಲ್ಲಿ ಕರಿ ನಾಲ್ಕು, 2ರಲ್ಲಿ ಬಿಳಿ ಆರು, 3ರಲ್ಲಿ ಕರಿ ಐದು.

ಬಿಳಿ ಆರು ಬೇಕೆಂದು ಕ್ಯಾಪೊ ಬಿಟ್ಟು ತಂತಿಗಳನ್ನೇ ಒಂದು ಸ್ವರ ಏರಿಸಲು ಹೋಗಬೇಡಿ. ಮೂರನೇ ತಂತಿ ಹೊರಗೆ ದಪ್ಪ ಕಂಡರೂ ಒಳಗಿನ ಎಳೆ ಒಂದನೇ ತಂತಿಯಷ್ಟೇ ತೆಳು, ಶೇ. 26 ಹೆಚ್ಚಿನ ಬಿಗಿಗೆ ಮೊದಲು ಹರಿಯುವುದು ಅದೇ. ಬರಿಯ ಸ್ಟೀಲ್ ತಂತಿಗಳ ವಿಷಯದಲ್ಲಿ "ದಪ್ಪ ಹಾಕಿದರೆ ಹರಿಯುವುದಿಲ್ಲ" ಎಂಬ ಮಾತೂ ಸುಳ್ಳು. ದಪ್ಪವಾದಂತೆ ತಾಕತ್ತು ಹೆಚ್ಚುತ್ತದೆ, ಅದೇ ಸ್ವರಕ್ಕೆ ಬೇಕಾದ ಬಿಗಿಯೂ ಅಷ್ಟೇ ಹೆಚ್ಚುತ್ತದೆ. ಹರಿಯುವ ಸ್ವರ ಹೆಚ್ಚುಕಡಿಮೆ ಅದೇ ಉಳಿಯುತ್ತದೆ.

ನುಡಿಸುವುದು

ಪಿಕ್ ಬದಿಗಿಡಿ. ಬಲಗೈಯನ್ನು ಸೌಂಡ್‌ಹೋಲ್ ಬಿಟ್ಟು ನೆಕ್ಕಿನ ಕಡೆ, 14-16ನೇ ಫ್ರೆಟ್ಟಿನ ಮೇಲೆ ತನ್ನಿ. ಪಂಚಮಕ್ಕೆ ನಡುಬೆರಳು, ಉಳಿದ ಮೂರಕ್ಕೂ ತೋರುಬೆರಳು, ಉಗುರು ತಾಗದೆ ಬೆರಳಿನ ಮೆತ್ತೆಯಿಂದ. ಮೊದಲ ಪ ಮತ್ತು ಕೊನೆಯ ಸ ಉದ್ದ, ನಡುವಿನ ಜೋಡಿ ಸ್ವಲ್ಪ ಗಿಡ್ಡ. ತಬಲಾದ ಮಾತ್ರೆಗೆ ಇದನ್ನು ಕಟ್ಟಿಹಾಕಬೇಡಿ. ಲಯ ಏರಿದರೂ ನಿಮ್ಮ ಸುತ್ತು ಅದೇ ನಡಿಗೆಯಲ್ಲಿರಲಿ.

ಡಿ-ಎ-ಡಿ-ಡಿ-ಎ-ಡಿಯಲ್ಲಿ ಒಂದನೇ ತಂತಿಯ ಫ್ರೆಟ್ಟುಗಳು ಹೀಗೆ: 0 ಸ, 2 ರಿ, 3 ಕೋಮಲ ಗ, 4 ಗ, 5 ಮ, 7 ಪ, 8 ಕೋಮಲ ಧ, 9 ಧ, 10 ಕೋಮಲ ನಿ, 11 ನಿ, 12 ಮೇಲಿನ ಸ. ಭೂಪಾಲಿ ಬೇಕೆಂದರೆ 0-2-4-7-9-12. ಎಡಗೈ ಇದೊಂದೇ ತಂತಿಯ ಮೇಲೆ ಓಡಾಡಲಿ, ಬಲಗೈ ಹೆಬ್ಬೆರಳು ಕೆಳಗಿನ ಸ, ಪ ತೂಗುತ್ತಿರಲಿ. ಈ ತಂತಿಯ ಬಿಗಿ ರೂಢಿಗಿಂತ ಶೇ. 21 ಕಡಿಮೆ ಇರುವುದರಿಂದ ಅಡ್ಡ ಎಳೆದು ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ತೆಗೆಯುವುದೂ ಸುಲಭ.

ಗಂಧಾರ ಒಂದು ಸೂಕ್ಷ್ಮ ಜಾಗ. ಗಿಟಾರಿನ ಫ್ರೆಟ್ಟುಗಳು 12 ಸಮ ಪಾಲಿನವು, ಹಾಗಾಗಿ 4ನೇ ಫ್ರೆಟ್ಟಿನ ಶುದ್ಧ ಗ 400 ಸೆಂಟ್. ತಂಬೂರಿಯ ನಾದದೊಳಗಿಂದ ತಾನೇ ಮೂಡುವ ಗಂಧಾರ 386. ಈ 14 ಸೆಂಟಿನ ಅಂತರ ಷಡ್ಜ ತುಂಬಿದ ಜಾಗದಲ್ಲಿ ಹಲ್ಲಿಗೆ ಕಲ್ಲು ಸಿಕ್ಕಂತೆ ಕೇಳುತ್ತದೆ. ಕೋಮಲ ಗಂಧಾರ ತದ್ವಿರುದ್ಧ, ಫ್ರೆಟ್ಟಿನಲ್ಲಿ 16 ಸೆಂಟ್ ಕಡಿಮೆ. ತಂತಿಯನ್ನು ಕೂದಲೆಳೆಯಷ್ಟು ಎಳೆದರೆ ಸರಿಯಾಗುತ್ತದೆ. ಶುದ್ಧ ಗಂಧಾರವನ್ನು ಎಳೆದು ಇಳಿಸಲಾಗದು. ಅದು ಮುಖ್ಯವಾದ ರಾಗವಾದರೆ ಮೂರನೇ ತಂತಿಯನ್ನು ಎಫ್ ಶಾರ್ಪ್‌ಗೆ ತಂದು ಟ್ಯೂನರಿನಲ್ಲಿ 14 ಸೆಂಟ್ ಕೆಳಗೆ ನಿಲ್ಲಿಸಿ, ತೆರೆದೇ ಮೀಟಿ. ಜೋಡಿ ಹೋಯಿತು, ಗಂಧಾರ ಬಂತು. ಆ ತಂತಿಯನ್ನು ಒತ್ತಿ ತೆಗೆದ ಸ್ವರಗಳೆಲ್ಲ ಅಷ್ಟೇ ಇಳಿದಿರುತ್ತವೆ, ನೆನಪಿರಲಿ. ಪಕ್ಕದಲ್ಲಿ ಪೇಟಿ ಇದ್ದರೆ ಈ ಕಸರತ್ತೇ ಬೇಡ. ಪೇಟಿಯದ್ದೂ ಸಾಮಾನ್ಯವಾಗಿ ಸಮ ಪಾಲಿನ ಗಂಧಾರವೇ, ಎರಡೂ ಜಗಳಾಡುತ್ತವೆ.

ಪಂಚಮ ಇಲ್ಲದ ರಾಗಗಳು

ಮಾಲಕೌಂಸದಲ್ಲಿ ಪ ವರ್ಜ್ಯ, ಪಂಚಮದ ತಂತಿ ಗುಂಯ್‌ಗುಟ್ಟಿದರೆ ಹಾಡುವವರು ತಿರುಗಿ ನೋಡುತ್ತಾರೆ. ಐದನೆಯದನ್ನು ಎ ಇಂದ ಜಿಗೆ, ಅಂದರೆ ಮಧ್ಯಮಕ್ಕೆ ಇಳಿಸಿ. ಎರಡನೆಯದೂ ಪಂಚಮದಲ್ಲೇ ಇದೆ, ಇದನ್ನು ಮರೆಯುವವರೇ ಹೆಚ್ಚು. ಅದನ್ನು ಮೂರು ಮನೆ ಏರಿಸಿ ಸಿ ಮಾಡಿದರೆ ಕೋಮಲ ನಿಷಾದ. ಮೂಲದ 'ಬಿ'ಗಿಂತ ಅರ್ಧ ಸ್ವರವಷ್ಟೇ ಮೇಲೆ, ಅಪಾಯವಿಲ್ಲ. ಒಟ್ಟು ಶ್ರುತಿ ಡಿ-ಜಿ-ಡಿ-ಡಿ-ಸಿ-ಡಿ, ಒಂದನೇ ತಂತಿಯ ಮೇಲೆ ನಡೆ 0-3-5-8-10-12.

ಮಾರವಾ, ಪೂರಿಯಾಕ್ಕೆ ನಿಷಾದದ ತಂತಿ ಬೇಕು. ಐದನೆಯದನ್ನು ಎ ಇಂದ ಸಿ ಶಾರ್ಪ್‌ಗೆ ಏರಿಸುವ ಯೋಚನೆ ಬಂದರೆ ಕೈಬಿಡಿ. ನಾಲ್ಕು ಮನೆ ಏರಿಕೆ ಎಂದರೆ ಬಿಗಿ ಶೇ. 59 ಹೆಚ್ಚು. ಬದಲಿಗೆ ನಾಲ್ಕನೆಯದನ್ನು ಡಿ ಇಂದ ಅರ್ಧ ಸ್ವರ ಇಳಿಸಿ ನಿ ಮಾಡಿ, ನಾಲ್ಕು-ಮೂರು-ಮೂರು-ಆರು ಎಂದು ಮೀಟಿ. ಎರಡನೆಯದು ತನ್ನ ಮೂಲ 'ಬಿ'ಗೆ ಮರಳಿದರೆ ಶುದ್ಧ ಧೈವತ. ಐದನೇ ತಂತಿಯ ಕೆಳಗೆ ಬ್ರಿಜ್ ಹತ್ತಿರ ಸ್ಪಂಜಿನ ತುಣುಕು ಸಿಕ್ಕಿಸಿ ಬಾಯಿ ಮುಚ್ಚಿಸಿ.

ಜವಾರಿ

ನಮ್ಮ ಕಡೆ ಜವಾರಿ ಅಂದರೆ ನಾಟಿ: ಜವಾರಿ ಕೋಳಿ, ಜವಾರಿ ಸೌತೆಕಾಯಿ. ತಂಬೂರಿಯವರ ಜವಾರಿ ಬೇರೆ. ಅಗಲವಾದ, ಸ್ವಲ್ಪ ಉಬ್ಬಿದ ಕುದುರೆಯ (ಬ್ರಿಜ್) ಮೇಲೆ ತಂತಿ ಸವರುತ್ತ ಕಂಪಿಸುವಾಗ ಬರುವ ಜೇನುಹುಳದಂಥ ಝೇಂಕಾರ ಅದು. ತಂತಿ-ಕುದುರೆಯ ನಡುವೆ ಒಂದೆಳೆ ನೂಲು ಸರಿಸಿ ಅದನ್ನು ಹದಗೊಳಿಸುತ್ತಾರೆ. ಗಿಟಾರಿನ ಸ್ಯಾಡಲ್ (ಬ್ರಿಜ್ ಮೇಲೆ ತಂತಿ ಕೂರುವ ಪಟ್ಟಿ) ಕಿರಿದು, ನೂಲಿಟ್ಟರೆ ನಾದ ಸಾಯುತ್ತದೆ. ವಿಸಿಟಿಂಗ್ ಕಾರ್ಡಿನಿಂದ 4 ಸೆಂ.ಮೀ. ಉದ್ದ, 5 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ ಸ್ಯಾಡಲ್‌ಗೆ ತಾಗಿಸಿ ಐದು, ನಾಲ್ಕು, ಮೂರನೇ ತಂತಿಗಳ ಕೆಳಗೆ ತೂರಿಸಿ. ತಂತಿ ಪಟ್ಟಿಯ ಅಂಚನ್ನು ಬರೀ ಸೋಕಬೇಕು. ಒತ್ತಿದರೆ 'ಟಪ್' ಎಂದು ಸತ್ತ ಸದ್ದು. ಒಂದು ಕೂದಲಷ್ಟು ಕೆಳಗೆ ಬಗ್ಗಿಸಿದರೆ ಝೇಂಕಾರ ಹೊರಡುತ್ತದೆ. ತಂಬೂರಿಗೆ ಹೆಸರಾದ ಮೀರಜ ಬೆಳಗಾವಿಗೆ ದೂರವಲ್ಲ. ಅಲ್ಲಿಯ ಒಂದು ಒಳ್ಳೆಯ ವಾದ್ಯದ ನಾದ ಒಮ್ಮೆ ಕೇಳಿ ಬಂದರೆ ಪಟ್ಟಿ ಎಲ್ಲಿ ನಿಲ್ಲಬೇಕೆಂಬುದು ಕಿವಿಗೆ ಗೊತ್ತಾಗುತ್ತದೆ.

ಕಿರಿಕಿರಿ ಎಲ್ಲಿಂದ?

ಬೇಡದ ಝೇಂಕಾರ ಬಂದಾಗ ಎಲ್ಲರೂ ಮೊದಲು ಟ್ರಸ್ ರಾಡಿಗೇ ಕೈ ಹಾಕುತ್ತಾರೆ. ಮೊದಲು ಪತ್ತೆ ಮಾಡಿ. ತೆರೆದ ತಂತಿಯಲ್ಲಿ ಮಾತ್ರವಾದರೆ ನಟ್‌ನ ಗಾಡಿ ಸವೆದಿದೆ. ಮೊದಲ ಐದು ಫ್ರೆಟ್ಟುಗಳಲ್ಲಾದರೆ ನೆಕ್ ತೀರಾ ನೆಟ್ಟಗಾಗಿದೆ. ಮೇಲಿನ ಫ್ರೆಟ್ಟುಗಳಲ್ಲಾದರೆ ಸ್ಯಾಡಲ್ ತಗ್ಗು. ನೆಕ್ ನೋಡಲು ಆರನೇ ತಂತಿಯನ್ನು 1 ಮತ್ತು 14ನೇ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು 7ನೇ ಫ್ರೆಟ್ಟಿನ ಮೇಲಿನ ಸಂದು ನೋಡಿ: 0.2ರಿಂದ 0.3 ಮಿ.ಮೀ. ಇರಬೇಕು. ಸಂದೇ ಇಲ್ಲದಿದ್ದರೆ ರಾಡನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಒಂದು ಸುತ್ತಿನ ಎಂಟನೇ ಒಂದು ಪಾಲು ಮಾತ್ರ ಸಡಿಲಿಸಿ, ಮತ್ತೆ ಶ್ರುತಿ ಮಾಡಿ, ಒಂದು ರಾತ್ರಿ ಬಿಟ್ಟು ನೋಡಿ. ಸ್ಯಾಡಲ್ ತಗ್ಗಾದರೆ ಕೆಳಗೆ ಹಳೆಯ ಕಾರ್ಡಿನ ತೆಳು ಪಟ್ಟಿ ಇಡಬಹುದು. 12ನೇ ಫ್ರೆಟ್ಟಿನಲ್ಲಿ ಆರನೇ ತಂತಿ 2.5-2.8 ಮಿ.ಮೀ., ಒಂದನೆಯದು 2 ಮಿ.ಮೀ. ಎತ್ತರವಿದ್ದರೆ ಇಳಿದ ಶ್ರುತಿಗೆ ಸಾಕು.

ಹವೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಜುಲೈ ಮಳೆಯಲ್ಲಿ ಬೆಳಗಾವಿಯ ಗಿಟಾರ್ ತೇವ ಕುಡಿದು ಮೇಲ್ಹಲಗೆ ಉಬ್ಬಿ, ತಂತಿಗಳು ಎತ್ತರವಾಗುತ್ತವೆ. ಅದೇ ಗಿಟಾರ್ ಏಪ್ರಿಲಿನಲ್ಲಿ ವಿಜಯಪುರಕ್ಕೆ ಹೋದರೆ 40 ಡಿಗ್ರಿ ದಾಟಿದ ಒಣ ಬಿಸಿಲಿಗೆ ಹಲಗೆ ಕುಗ್ಗಿ ತಂತಿ ಫ್ರೆಟ್ಟಿಗೆ ಕೂರುತ್ತದೆ. ಮಳೆಗಾಲದಲ್ಲಿ ತಂತಿ ಎತ್ತರವಾಯಿತೆಂದು ಮಾಡಿದ ರಿಪೇರಿ ಬೇಸಿಗೆಗೆ ಉಪದ್ರವ. ಒಣಹವೆಗೆ ಸೋಪಿನ ಡಬ್ಬಿಗೆ ಹತ್ತು ತೂತು ಕೊರೆದು, ಹಿಂಡಿದ ಒದ್ದೆ ಸ್ಪಂಜು ಒಳಗಿಟ್ಟು, ಡಬ್ಬಿಯನ್ನು ಗಿಟಾರಿನ ಪೆಟ್ಟಿಗೆಯಲ್ಲಿಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಗಿಟಾರ್ ಬಿಟ್ಟರೆ ಬ್ರಿಜ್‌ನ ಅಂಟು ಮೆತ್ತಗಾಗಿ ಹಿಂಬದಿ ಎದ್ದುಬಿಡುತ್ತದೆ. ಕಾರ್ಯಕ್ರಮದ ಜಾಗಕ್ಕೆ ಅರ್ಧ ಗಂಟೆ ಮೊದಲೇ ತಂದು ಪೆಟ್ಟಿಗೆ ತೆರೆದಿಡಿ. ಕಾದ ತಂತಿ ಹಿಗ್ಗಿ ಶ್ರುತಿ ಇಳಿದಿರುತ್ತದೆ, ತಣಿದಂತೆ ಏರುತ್ತದೆ.

ಮೀಡಿಯಂ ಸೆಟ್ ಹಾಕಿದ ಗಿಟಾರನ್ನು ರೂಢಿಯ ಶ್ರುತಿಗೆ ಏರಿಸಿ ವಾರಗಟ್ಟಲೆ ಇಡಬೇಡಿ, ಎಳೆತ 84 ಕೆಜಿಯ ಹತ್ತಿರ ಹೋಗುತ್ತದೆ. ದಿನಾ ಅತ್ತಿತ್ತ ಬದಲಿಸಿದರೆ ಮೂರನೇ ತಂತಿ ನಟ್‌ನ ಬಳಿ ಸವೆದು ಸುತ್ತು ಬಿಚ್ಚಿಕೊಳ್ಳುತ್ತದೆ. 26ರದ್ದು ಒಂದು ಹೆಚ್ಚಿಗೆ ಇಟ್ಟುಕೊಳ್ಳಿ. ಮನೆಯಲ್ಲಿ ಎರಡನೇ ಗಿಟಾರ್ ಮೂಲೆಗೆ ಬಿದ್ದಿದ್ದರೆ ಅದನ್ನೇ ಡಿ-ಎ-ಡಿ-ಡಿ-ಎ-ಡಿಗೆ ಮೀಸಲಿಡುವುದು ಎಲ್ಲಕ್ಕಿಂತ ಸಲೀಸು. ಪೆಟ್ಟಿಗೆಯ ಮುಚ್ಚಳದ ಒಳಗೆ ಶ್ರುತಿ, ಕ್ಯಾಪೊ ಸ್ಥಾನ, ಪೇಟಿಯ ಆಧಾರ ಸಂಖ್ಯೆ ಬರೆದ ಚೀಟಿ ಅಂಟಿಸಿ.